ಕಾರ್ಡ್ ಟೈಮು

ಜೂನ್ ೩, ಸೋಮವಾರ

ಈ ಆಸ್ಪತ್ರೆ ಸೇರಿ ಇವತ್ತಿಗೆ ಒಂದು ತಿಂಗಳು. ನೆಟ್‌ವರ್ಕ್ ನೋಡಿಕೊಳ್ಳುವುದು ನನ್ನ ಕೆಲಸ ಎಂದು ನೇಮಕದ ಕಾಗದದಲ್ಲಿದೆ. ಬೆಳಗಿನಿಂದ ಸಂಜೆಯವರೆಗೆ ಪ್ರಿಂಟರ್ ಯಾಕೆ ಮುನಿಸಿಕೊಂಡಿದೆ ಎಂದು ಜನರಿಗೆ ಸಮಾಧಾನ ಹೇಳಿ, ನಡುವೆ ಉಸಿರಾಡಲು ಬಿಡುವಾದರೆ ನೆಟ್‌ವರ್ಕ್ ನೋಡುತ್ತೇನೆ.

ಇವತ್ತು ಆಡಳಿತಾಧಿಕಾರಿ ಕರೆದರು. ಇಡೀ ಆಸ್ಪತ್ರೆ ಬೆನ್ನ ಹಿಂದೆ ಅವರನ್ನು ಗಂಟೆ ಸಾಹೇಬರು ಎನ್ನುತ್ತದೆ. ತಡವಾಗಿ ಬಂದವರ ಮುಖ ಕೂಡ ನೋಡುವುದಿಲ್ಲವಂತೆ. ನನಗೇನೋ ಅವರು ಇಷ್ಟ. ಹೊತ್ತಿಗೆ ಸರಿಯಾಗಿ ಬರದವರನ್ನು ಕಂಡರೆ ನನಗೂ ಮೈ ಉರಿಯುತ್ತದೆ.

ವಿಷಯ ಇಷ್ಟು. ಕಳೆದ ಮಂಗಳವಾರ ಮಧ್ಯಾಹ್ನ ಮೂರನೇ ಮಹಡಿಯ ಕೋಣೆಯಲ್ಲಿ ರೋಗಿಯೊಬ್ಬರು ಇದ್ದಕ್ಕಿದ್ದಂತೆ ಹೃದಯ ನಿಂತು ತೀರಿಕೊಂಡರು. ಹೆಂಡತಿ ಔಷಧಿ ತರಲು ಕೆಳಗೆ ಹೋಗಿದ್ದರು. ಹಾಸಿಗೆಯ ಪಕ್ಕದ ಬೆಲ್ ತುಂಬ ಹೊತ್ತು ಹೊಡೆದುಕೊಳ್ಳುತ್ತಿತ್ತು ಎಂದು ಪಕ್ಕದ ಕೋಣೆಯವರು ಆಮೇಲೆ ಅವರಿಗೆ ಹೇಳಿದ್ದಾರೆ. ಗಂಡ ಬೆಲ್ ಒತ್ತಿ ಒತ್ತಿ ಒಬ್ಬರೇ ಸತ್ತರು, ಯಾರೂ ಬರಲಿಲ್ಲ ಎಂದು ಆಕೆ ದೂರು ಕೊಟ್ಟಿದ್ದಾರೆ. ವಿಚಾರಣೆಗೆ ಸಮಿತಿ ಮಾಡಿದ್ದಾರೆ. ಆ ಹೊತ್ತಿನಲ್ಲಿ ಯಾವ ಯಂತ್ರ ಏನು ಬರೆದುಕೊಂಡಿದೆ ಎಂದು ತೆಗೆದು ವರದಿ ಕೊಡಬೇಕಾದವಳು ನಾನು.

"ಮನುಷ್ಯರು ನೂರು ಹೇಳ್ತಾರೆ. ನಿಮ್ಮ ಯಂತ್ರ ಏನು ಹೇಳತ್ತೋ ಅದೇ ಕೊನೆ ಮಾತು," ಎಂದರು ಸಾಹೇಬರು. ಒಳಗೊಳಗೇ ಖುಷಿಯಾಯಿತು. ಪ್ರಿಂಟರ್ ಬಿಟ್ಟು ಬೇರೇನನ್ನೋ ಯಾರಾದರೂ ಕೇಳಿದರಲ್ಲ.

ಮನೆಗೆ ಬಂದಾಗ ಅಪ್ಪ ಕುರ್ಚಿಯಲ್ಲಿ ಕಾದಿದ್ದರು. ಮಿದುಳಿಗೆ ಆಘಾತವಾದ ಮೇಲೆ ಅವರನ್ನು ಇಲ್ಲಿಗೆ ಕರೆತಂದು ಎರಡು ತಿಂಗಳಾಗುತ್ತಾ ಬಂತು. ಮಾತು ಇದೆ, ಆದರೆ ಒಂದೊಂದು ಪದಕ್ಕೂ ದೂರದಿಂದ ನಡೆದು ಬಂದಷ್ಟು ಹೊತ್ತು. ಮಾತು ಕಲಿಸುವಾಕೆ "ಅವರೇ ಮುಗಿಸ್ಲಿ, ನೀವು ಕಾಯಿರಿ" ಎಂದು ಹೇಳಿ ಹೋಗುತ್ತಾಳೆ. ವಾರಕ್ಕೊಮ್ಮೆ ಬರುವವಳಿಗೆ ಹೇಳುವುದು ಸುಲಭ. "ಕಿಟಕಿ…" ಎಂದರು ಅಪ್ಪ. ಎದ್ದು ಮುಚ್ಚಿದೆ. ಅವರು ತಲೆ ಅಲ್ಲಾಡಿಸಿದರು. ತೆರೆದಿಡು ಎನ್ನಬೇಕಿತ್ತಂತೆ. ಅಷ್ಟರಲ್ಲಿ ನಾನು ಅಡುಗೆ ಮನೆಯಲ್ಲಿದ್ದೆ.

ಜೂನ್ ೫, ಬುಧವಾರ

ವರದಿ ಮುಗಿಸಿ ಕೊಟ್ಟೆ. ಹೇಳಿದ್ದಕ್ಕಿಂತ ಒಂದು ದಿನ ಮೊದಲೇ.

ಎಲ್ಲ ಯಂತ್ರಗಳೂ ದಿನಚರಿ ಬರೆಯುತ್ತವೆ. ಇಂಥ ಹೊತ್ತಿಗೆ ಇಂಥದ್ದಾಯಿತು, ಅಷ್ಟೆ. ತಮ್ಮ ಬಗ್ಗೆ ತಮಗೇ ಅಯ್ಯೋ ಎನಿಸಿಕೊಳ್ಳದೆ ಬರೆಯುವುದರಿಂದ ನನ್ನ ಈ ಡೈರಿಗಿಂತ ಅವು ಓದಲು ಚೆನ್ನ. ಬೆಲ್ ಪೆಟ್ಟಿಗೆಯದ್ದು, ಬಾಗಿಲ ಕಾರ್ಡ್ ಯಂತ್ರದ್ದು, ಲಿಫ್ಟಿನದ್ದು, ಎಲ್ಲ ತಂದು ಹೊತ್ತಿನ ಪ್ರಕಾರ ಒಂದರ ಕೆಳಗೊಂದು ಜೋಡಿಸಿದೆ. ಬೆಲ್ ಒತ್ತಿದ್ದು ನಾಲ್ಕು ಹತ್ತಕ್ಕೆ. ಆ ಮಹಡಿಯ ಕೋಣೆಗಳಿಗೆ ಸಿಬ್ಬಂದಿ ಕಾರ್ಡ್ ತೋರಿಸಿಯೇ ಒಳಗೆ ಹೋಗಬೇಕು. ಆ ಪಾಳಿಯಲ್ಲಿದ್ದ ಸಿಸ್ಟರ್ ಕಾರ್ಡ್ ತೋರಿಸಿದ್ದು ನಾಲ್ಕು ಹತ್ತೊಂಬತ್ತಕ್ಕೆ. ನಡುವೆ ಒಂಬತ್ತು ನಿಮಿಷ. ಕಣ್ಣಿಗೆ ಹೊಡೆದಂತೆ ಕಾಣುತ್ತದೆ.

ಸಂಜೆ ಆ ಸಿಸ್ಟರ್ ನನ್ನ ಕೋಣೆಗೆ ಬಂದರು. ನಲವತ್ತೈದರ ಆಸುಪಾಸಿನ ಹೆಂಗಸು, ತುಂಬ ನಡೆದವರ ಕಾಲು. "ನಾನು ಒಳಗೇ ಇದ್ದೆ ಮೇಡಂ. ಬೆಲ್ ಒತ್ತಿದ್ದು ನಾನೇ, ಡಾಕ್ಟರನ್ನ ಕರೆಯೋಕೆ," ಎಂದರು. ಸಮಿತಿಗೂ ಮೊದಲ ದಿನವೇ ಅದನ್ನೇ ಹೇಳಿದರಂತೆ.

"ಸಿಸ್ಟರ್, ಯಂತ್ರಕ್ಕೆ ನಿಮ್ಮ ಮೇಲೆ ಸಿಟ್ಟೇನಿಲ್ಲ," ಎಂದೆ.

ಮಾತು ಚೆನ್ನಾಗಿ ಬಿತ್ತು ಎನಿಸಿತು. ಅವರು ಹೊರಟು ಹೋದರು. ಇವತ್ತಿನಿಂದ ಅವರಿಗೆ ಅಮಾನತು. ಹತ್ತೊಂಬತ್ತನೇ ತಾರೀಖು ಸಮಿತಿ ಕೂತು ಕೊನೆಯ ತೀರ್ಮಾನ ಮಾಡುತ್ತದೆ.

ಜೂನ್ ೬, ಗುರುವಾರ

ಇವತ್ತಿನ ದಿನ ಮರೆಯಬಾರದು.

ವರದಿ ಮಾಡುವಾಗಲೇ ಒಂದೆರಡು ಯಂತ್ರಗಳ ಗಡಿಯಾರ ಎಲ್ಲೆಲ್ಲೋ ಇರುವುದು ಕಂಡಿತ್ತು. ಸ್ಕ್ಯಾನಿಂಗ್ ಕೋಣೆಯದ್ದು ಇನ್ನೂ ತಾನು ಹುಟ್ಟಿದ ವರ್ಷದಲ್ಲೇ ಇದೆ. ಆರಕ್ಕೆ ಎದ್ದು ಆರೂ ಐದಕ್ಕೆ ಅಂಗಳ ಗುಡಿಸುವ ಜಾತಿ ನಾನು. ಇದನ್ನು ನೋಡಿಕೊಂಡು ಇರಲಾಗುತ್ತದೆಯೇ? ಬೆಳಿಗ್ಗೆಯೇ ಕೂತು ಇಡೀ ಆಸ್ಪತ್ರೆಯ ಯಂತ್ರಗಳಿಗೆಲ್ಲ ಒಂದೇ ಕಡೆಯಿಂದ ಹೊತ್ತು ಕೇಳಿಕೊಳ್ಳಿ ಎಂದು ಅಪ್ಪಣೆ ಕೊಟ್ಟು, ಒಂದೊಂದನ್ನೂ ಆರಿಸಿ ಹಚ್ಚಿದೆ. ಮಧ್ಯಾಹ್ನದೊಳಗೆ ಎಲ್ಲವೂ ಸೆಕೆಂಡು ತಪ್ಪದೆ ಒಟ್ಟಿಗೆ ನಡೆಯತೊಡಗಿದವು. ಯಾವುದು ಎಷ್ಟು ತಪ್ಪಿತ್ತೆಂದು ನೋಡಲೂ ಹೋಗಲಿಲ್ಲ. ಕಸ ಗುಡಿಸುವಾಗ ಯಾರಾದರೂ ಎಣಿಸುತ್ತಾರೆಯೇ?

ಆದರೆ ಬರೆಯಬೇಕೆಂದದ್ದು ಅದಲ್ಲ. ಆ ಅಪ್ಪಣೆಯ ಸಾಲನ್ನು ಎಷ್ಟೋ ಕಡೆ ಟೈಪ್ ಮಾಡಿದ್ದೇನೆ, ಅದು ಏನು ಮಾಡುತ್ತದೆ ಎಂದು ಇವತ್ತೇ ಮೊದಲ ಸಲ ಕೂತು ಓದಿದೆ. ಒಂದು ಯಂತ್ರ ಇನ್ನೊಂದನ್ನು ಗಂಟೆ ಎಷ್ಟು ಎಂದು ಕೇಳುತ್ತದೆ. ಉತ್ತರ ಬರುವಷ್ಟರಲ್ಲಿ ಅದು ಹಳೆಯದಾಗಿರುತ್ತದೆ, ದಾರಿಯಲ್ಲಿ ಹೊತ್ತು ಕಳೆದಿರುತ್ತದಲ್ಲ. ಅದಕ್ಕೇ ಕೇಳುವ ಯಂತ್ರ ತಾನು ಯಾವಾಗ ಕೇಳಿದೆ, ಉತ್ತರ ಯಾವಾಗ ಸಿಕ್ಕಿತು ಎಂದು ಗುರುತು ಮಾಡಿಕೊಂಡು, ಹೋಗುವುದಕ್ಕೆ ಅರ್ಧ, ಬರುವುದಕ್ಕೆ ಅರ್ಧ ಎಂದು ದಾರಿಯನ್ನು ಲೆಕ್ಕಕ್ಕೆ ಹಿಡಿಯುತ್ತದೆ. ಒಂದು ಉತ್ತರವನ್ನು ನಂಬದೆ ಮತ್ತೆ ಮತ್ತೆ ಕೇಳುತ್ತದೆ. ನಮ್ಮ ತಲೆಯ ಮೇಲಿನ ತಂತಿಗಳಲ್ಲಿ ಈ ಮಾತುಕತೆ ಹಗಲೂ ರಾತ್ರಿ ನಡೆಯುತ್ತಲೇ ಇರುತ್ತದೆ, ಕೇಳಿಸಿಕೊಂಡವರಿಲ್ಲ.

ಇನ್ನೊಂದು ವಿಷಯಕ್ಕಂತೂ ಬೆರಗಾಗಿ ಹೋದೆ. ರೋಗಿಗಳ ದಾಖಲೆ ಇಡುವ ದೊಡ್ಡ ಯಂತ್ರ ಸ್ವಲ್ಪ ಮುಂದಿತ್ತು. ಅದನ್ನು ಹಿಂದಕ್ಕೆ ತಿರುಗಿಸುವಂತಿಲ್ಲ. ತಿರುಗಿಸಿದರೆ ಆಗಿಹೋದ ಕ್ಷಣ ಇನ್ನೊಮ್ಮೆ ಬಂದು, ಕೊಟ್ಟ ಔಷಧಿ ಇನ್ನೂ ಕೊಟ್ಟಿಲ್ಲ ಎಂದಾಗಿಬಿಡುತ್ತದೆ. ಹಾಗಾಗಿ ಅದರ ಸೆಕೆಂಡನ್ನು ಗೊತ್ತಾಗದ ಹಾಗೆ ತುಸುವೇ ಉದ್ದ ಮಾಡುತ್ತಾರೆ. ಅದು ನಡೆಯುತ್ತಲೇ ಇರುತ್ತದೆ, ಕೊಂಚ ನಿಧಾನ, ಹಿಂದಿರುವ ನಿಜ ಬಂದು ಸೇರಿಕೊಳ್ಳುವವರೆಗೆ. ಯಾರೋ ಕೂತು ಇದನ್ನು ಯೋಚಿಸಿದ್ದಾರೆ. ಅವರ ಕೈ ಮುಟ್ಟಿ ಬರಬೇಕೆನಿಸಿತು.

ಅಪ್ಪ ಏನೋ ಹೇಳಲು ಶುರು ಮಾಡಿದ್ದರು. ಇದನ್ನು ಬರೆಯುವ ಅವಸರದಲ್ಲಿ ಎದ್ದು ಬಂದೆ.

ಜೂನ್ ೧೦, ಸೋಮವಾರ

ನೆಲ ಕುಸಿದಂತಾಗಿದೆ.

ಬೆಳಿಗ್ಗೆ ಹೆಬ್ಬಾಗಿಲಲ್ಲಿ ಕಾವಲುಗಾರ ನನ್ನನ್ನು ಕಂಡು ಹಲ್ಲು ಬಿಟ್ಟ. "ಮೇಡಂ, ನಿಮ್ಮ ಹೊಟ್ಟೆ ತಣ್ಣಗಿರ್ಲಿ. ನಾಲ್ಕು ದಿನದಿಂದ ಒಬ್ರೂ ಲೇಟಿಲ್ಲ. ಕಾರ್ಡ್ ಟೈಮು ತೆಗೆದುಬಿಟ್ರಂತಲ್ಲ?"

"ಕಾರ್ಡ್ ಟೈಮು ಅಂದ್ರೆ?"

ಅವನಿಗೆ ನಂಬಿಕೆಯಾಗಲಿಲ್ಲ. ಗಂಟೆ ಸಾಹೇಬರು ಬಂದ ವರ್ಷವೇ ಕಾರ್ಡ್ ಯಂತ್ರಗಳನ್ನೆಲ್ಲ ಎಂಟು ನಿಮಿಷ ಮುಂದಿಟ್ಟರಂತೆ, ಜನ ಹೆದರಿ ಬೇಗ ಬರಲಿ ಎಂದು. ಹಾಜರಿ ಹಾಕುವುದಕ್ಕೂ ಕೋಣೆಗಳ ಬಾಗಿಲಿಗೂ ಅವೇ ಯಂತ್ರಗಳು. ಇಲ್ಲಿ ಯಾರಾದರೂ ಗಂಟೆ ಎಷ್ಟು ಎಂದರೆ "ಕಾರ್ಡ್ ಟೈಮಾ, ದೇವರ ಟೈಮಾ?" ಎಂದು ಕೇಳಿಯೇ ಹೇಳುವುದಂತೆ.

"ಮತ್ತೆ ನನಗ್ಯಾಕೆ ಯಾರೂ ಹೇಳ್ಲಿಲ್ಲ?"

"ಎಲ್ರಿಗೂ ಗೊತ್ತಿರೋದನ್ನ ಯಾರು ಯಾರಿಗೆ ಹೇಳ್ತಾರೆ ಮೇಡಂ?"

ಮೆಟ್ಟಿಲು ಹತ್ತುತ್ತಲೇ ಲೆಕ್ಕ ಹಾಕಿದೆ. ಸಿಸ್ಟರ್ ಒಳಗೆ ಹೋದದ್ದು ನಾಲ್ಕು ಹತ್ತೊಂಬತ್ತಕ್ಕಲ್ಲ, ನಾಲ್ಕು ಹನ್ನೊಂದಕ್ಕೆ. ಬೆಲ್ ಹತ್ತಕ್ಕೆ. ಓಡೋಡಿ ಬಂದಿದ್ದಾರೆ. ಅವರನ್ನು ಮನೆಗೆ ಕಳಿಸಿದ್ದು ನನ್ನ ಕಾಗದ.

ಸಾಹೇಬರ ಬಳಿ ಹೋದೆ. ಅವರು ಕನ್ನಡಕ ತೆಗೆದು ಒರೆಸಿದರು. "ಯಾವ ಎಂಟು ನಿಮಿಷ? ಎಲ್ಲಾದ್ರೂ ಬರೆದಿದ್ಯಾ? ಯಂತ್ರ ತೋರಿಸಿ ನೋಡೋಣ."

ಯಂತ್ರ ಈಗ ದೇವರ ಟೈಮನ್ನೇ ತೋರಿಸುತ್ತಿದೆ. ಸರಿ ಮಾಡಿದವಳು ನಾನು. ಎಷ್ಟು ತಿದ್ದಿಕೊಂಡೆ ಎಂದು ಬರೆದಿಟ್ಟುಕೊಳ್ಳುವಷ್ಟು ಬುದ್ಧಿ ಆ ಅಗ್ಗದ ಡಬ್ಬಿಗಳಿಗಿಲ್ಲ, ನನಗೂ ಇರಲಿಲ್ಲ. ಕಾವಲುಗಾರ ಸಮಿತಿಯ ಮುಂದೆ ಬಂದು ಹೇಳುತ್ತಾನೆಯೇ ಎಂದು ಕೇಳಿದೆ. ಅವನು ಆಕಾಶ ನೋಡಿದ. ಅವನಿಗೂ ಸಂಸಾರವಿದೆ.

ಜೂನ್ ೧೧, ಮಂಗಳವಾರ

ಸಿಸ್ಟರ್ ಮನೆಗೆ ಹೋಗಿದ್ದೆ. ಎರಡು ಕೋಣೆ, ಹೊಲಿಗೆ ಯಂತ್ರದ ಮೇಲೆ ಒಣಗಿದ ಬಟ್ಟೆಯ ರಾಶಿ. ಬಾಗಿಲು ತೆರೆದವರೇ ಒಳಗೆ ಕರೆದು ಕುರ್ಚಿ ಕೊಟ್ಟರು. ಬೈಯುತ್ತಾರೆ ಎಂದುಕೊಂಡು ಹೋದವಳಿಗೆ ಅದೇ ಹೆಚ್ಚು ಕಷ್ಟವಾಯಿತು. ಕಾರ್ಡ್ ಟೈಮು ಲೆಕ್ಕಕ್ಕೆ ಹಿಡಿಯಲಿಲ್ಲ, ತಪ್ಪಾಯಿತು ಎಂದೆ. ಹೇಗಾದರೂ ಮಾಡಿ ನೀವು ಒಂದೇ ನಿಮಿಷದಲ್ಲಿ ಬಂದಿರಿ ಎಂದು ತೋರಿಸುತ್ತೇನೆ ಎಂದೆ.

"ಒಂದು ನಿಮಿಷವೂ ಅಲ್ಲ ಮೇಡಂ. ನಾನು ಒಳಗಿದ್ದೆ."

"ಒಂದು ನಿಮಿಷ ಅಂದ್ರೂ ನಿಮ್ಮ ಕೆಲಸ ಉಳಿಯತ್ತೆ ಸಿಸ್ಟರ್."

ಅವರು ಬಟ್ಟೆ ಮಡಿಸುತ್ತಲೇ ಇದ್ದರು. "ಕೆಲಸ ಇಲ್ಲಿಲ್ಲದಿದ್ರೆ ಇನ್ನೊಂದು ಕಡೆ. ಒಂದು ನಿಮಿಷ ಅಂದ್ರೆ ಆ ಮನುಷ್ಯ ಒಬ್ರೇ ಇದ್ರು, ಒಬ್ರೇ ಬೆಲ್ ಒತ್ತಿದ್ರು ಅಂತಾಯ್ತಲ್ಲ. ಅವರ ಹೆಂಡತಿ, ಆ ಅಮ್ಮ, ದಿನಾ ಏನಂದ್ಕೊಂಡು ಮಲಗ್ತಾರೆ, ಯೋಚನೆ ಮಾಡಿ. ಎರಡು ಸಲ ನೋಡೋಕೆ ಹೋದೆ. ನನ್ನ ಮುಖ ಕಂಡು ಬಾಗಿಲು ಹಾಕಿದ್ರು."

ನನ್ನ ಬಾಯಲ್ಲಿ ಉತ್ತರ ಇತ್ತು. ಯಾಕೋ ಆಡಲಿಲ್ಲ. ಅವರು ಮಡಿಸುವುದು ಮುಗಿಯುವವರೆಗೂ ಕೂತಿದ್ದು ಬಂದೆ.

ರಾತ್ರಿ ಊಟಕ್ಕೆ ಕೂತಾಗ ಅಪ್ಪ "ನಿನ್ನ… ಮುಖ…" ಎಂದರು. ಮುಂದಿನದು ಬರಲು ಹೊತ್ತು ಹಿಡಿಯಿತು. "ಸಣ್ಣ… ಆಗಿದೆ." ಹೌದಪ್ಪ ಎಂದೆ.

ಜೂನ್ ೧೪, ಶುಕ್ರವಾರ

ಸಿಸ್ಟರ್ ಹೇಳುವುದು ನಿಜವಾಗಬೇಕಾದರೆ ಬೆಲ್ ಪೆಟ್ಟಿಗೆಯ ಗಡಿಯಾರವೂ ತಪ್ಪಿರಬೇಕು, ಅದು ಹಿಂದಿರಬೇಕು. ಇವತ್ತು ಆ ಪೆಟ್ಟಿಗೆ ಬಿಚ್ಚಿದೆ. ಬಿಸಿನೀರಿನ ಕೊಳವೆಗೆ ಅಂಟಿಸಿದಂತೆ ಗೋಡೆಗೆ ಹೊಡೆದಿದ್ದಾರೆ, ಮುಟ್ಟಿದರೆ ಕೈ ಸುಡುತ್ತದೆ. ಒಳಗೆ ಅಕ್ಕಿ ಕಾಳಿನಷ್ಟು ಸ್ಫಟಿಕದ ಚೂರು. ಅದು ಸೆಕೆಂಡಿಗೆ ಮೂವತ್ತೆರಡು ಸಾವಿರಕ್ಕೂ ಹೆಚ್ಚು ಸಲ ಕಂಪಿಸುತ್ತದೆ, ಆ ಕಂಪನವನ್ನು ಎಣಿಸಿಯೇ ಗಡಿಯಾರ ನಡೆಯುವುದು. ಸೆಕೆ ಹೆಚ್ಚಾದರೆ ಅದಕ್ಕೂ ನಮ್ಮ ಹಾಗೆ ಸುಸ್ತು, ಎಣಿಕೆ ನಿಧಾನವಾಗುತ್ತದೆ. ದಿನಕ್ಕೆ ಎರಡು ಸೆಕೆಂಡಿನಷ್ಟು. ತಿಂಗಳುಗಟ್ಟಲೆ ಯಾರೂ ಕೇಳದಿದ್ದರೆ ನಿಮಿಷಗಳೇ. ಹಿಂದಿತ್ತು ಎಂಬುದು ಖಂಡಿತ. ಎಷ್ಟು ಹಿಂದಿತ್ತು? ಅದನ್ನೂ ಗುಡಿಸಿ ಎಸೆದಿದ್ದೇನೆ.

ಸಾಕಾಗಿ ಮಹಡಿಯ ಮೇಲೆ ಹೋಗಿ ಕೂತೆ. ಅಲ್ಲಿ ಹಿಂದಿನ ವಾರ ಗಡಿಯಾರ ತಿದ್ದುವಾಗ ನಾನೇ ನೆಟ್ಟ ಬಿಳಿ ಆಂಟೆನಾ ಇದೆ, ಅಣಬೆಯಷ್ಟು ದೊಡ್ಡದು. ಆಸ್ಪತ್ರೆಗೆ ಹೊತ್ತು ಬರುವುದು ಅದರಿಂದಲೇ. ತಲೆಯ ಮೇಲೆ ಸುತ್ತುವ ಉಪಗ್ರಹಗಳಲ್ಲಿ ಗಡಿಯಾರಗಳಿವೆ, ಅವು ಹೇಳುವುದನ್ನು ಇದು ಕೇಳಿಸಿಕೊಳ್ಳುತ್ತದೆ. ಅಷ್ಟು ಎತ್ತರದಲ್ಲಿ ಕಾಲವೇ ಇಲ್ಲಿಗಿಂತ ತುಸು ಬೇಗ ಹರಿಯುತ್ತದಂತೆ. ಅದು ಗೊತ್ತಿದ್ದೇ ಕಳಿಸುವ ಮೊದಲು ಆ ಗಡಿಯಾರಗಳನ್ನು ಬೇಕೆಂದೇ ಅಷ್ಟು ನಿಧಾನ ಮಾಡಿರುತ್ತಾರೆ, ಮೇಲೆ ಹೋದಾಗ ನಮ್ಮೊಂದಿಗೆ ಸರಿಹೊಂದಲಿ ಎಂದು. ಕಾಲ ಎಂದರೆ ಎಲ್ಲೆಲ್ಲೂ ಒಂದೇ ಎಂದುಕೊಂಡು ಇಷ್ಟು ವರ್ಷ ಜನರ ಮೇಲೆ ರೇಗುತ್ತಾ ಬಂದೆನಲ್ಲ. ಒಬ್ಬೊಬ್ಬರು ನಿಂತ ಕಡೆ ಒಂದೊಂದು. ಒಟ್ಟಿಗೆ ನಡೆಯುವುದು ತಾನಾಗಿ ಆಗುವುದಲ್ಲ, ಯಾರೋ ದಿನವೂ ಕೇಳಿ ಕೇಳಿ ಮಾಡುವುದು. ಬಟ್ಟೆ ಒಣಹಾಕಲು ಬಂದ ಆಯಾ ನನ್ನನ್ನು ನೋಡಿ, "ಏನ್ ಮೇಡಂ, ಮೇಲಿಂದ ಸಿಗ್ನಲ್ ಬರ್ತಿಲ್ವಾ?" ಎಂದಳು.

ಬರ್ತಿದೆ ಎಂದೆ.

ಜೂನ್ ೧೫, ಶನಿವಾರ

ಏನೂ ಹೊಳೆಯಲಿಲ್ಲ.

ಜೂನ್ ೧೬, ಭಾನುವಾರ

ಸಿಕ್ಕಿತು. ಸಿಕ್ಕಿತು. ಒಂದೇ ಉಸಿರಿಗೆ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾದರೆ ಆಗಲಿ.

ಮಧ್ಯಾಹ್ನ ಪಾತ್ರೆ ತೊಳೆಯುತ್ತಿದ್ದೆ, ಅಪ್ಪ ಅಡುಗೆ ಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಈಗೀಗ ಅಲ್ಲೇ ಕೂರುತ್ತಾರೆ. ಕರೆಂಟು ಹೋಯಿತು. ಅಪ್ಪ "ಫ್ಯಾನು…" ಎಂದು ಶುರು ಮಾಡಿದರು. ನಾನು ಪಾತ್ರೆ ಬಿಟ್ಟು ಬಂದು ಅವರ ಎದುರು ನೆಲದ ಮೇಲೆ ಕೂತೆ.

"ಫ್ಯಾನು… ಫ್ರಿಜ್ಜು…"

ಹೂಂ.

"ಪಕ್ಕದ್ಮನೆ… ರೇಡಿಯೋ…"

ಹೂಂ, ಅದೂ ನಿಂತಿತು.

ಅವರು ಗಾಳಿಯಲ್ಲಿ ಬೆರಳಾಡಿಸಿ ಮುಂದಿನ ಪದ ಹುಡುಕುತ್ತಿದ್ದರು. ಬೀದಿಯಲ್ಲಿ ಯಾವುದೂ ಗುಂಯ್ ಎನ್ನುತ್ತಿರಲಿಲ್ಲ. ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. "ಎಲ್ಲಾ… ಒಂದೇ… ಸಲ," ಎಂದರು. ಅವರಿಗೆ ಅದು ಚೆಂದ ಕಂಡಿತ್ತು, ನಕ್ಕರು.

ಎಲ್ಲ ಒಂದೇ ಸಲ. ಆಸ್ಪತ್ರೆಯಲ್ಲೂ ಕರೆಂಟು ಹೋಗುತ್ತದೆ. ಬೆಲ್ ಪೆಟ್ಟಿಗೆಗೂ ಕಾರ್ಡ್ ಯಂತ್ರಕ್ಕೂ ಒಳಗೆ ಬ್ಯಾಟರಿ ಇದೆ. ಕರೆಂಟು ಹೋದ ಕ್ಷಣ ಎರಡೂ ತಮ್ಮ ತಮ್ಮ ದಿನಚರಿಯಲ್ಲಿ ಬರೆದುಕೊಳ್ಳುತ್ತವೆ, ಕರೆಂಟು ಹೋಯಿತು, ಬ್ಯಾಟರಿಗೆ ಬಂದೆ ಎಂದು. ನಾನು ತಿದ್ದುವ ಮೊದಲು ಹೋಗಿದ್ದರೆ ತಪ್ಪು ಗಂಟೆಯನ್ನೇ ಬರೆದಿರುತ್ತವೆ. ಕ್ಷಣ ಒಂದೇ. ಎರಡೂ ಬರೆದ ಗಂಟೆಗಳ ನಡುವಿನ ಅಂತರವೇ ನಾನು ಗುಡಿಸಿ ಎಸೆದದ್ದು.

ಅಪ್ಪನ ಎರಡೂ ಕೆನ್ನೆ ಹಿಡಿದು ಮುತ್ತಿಟ್ಟೆ. ಕೈಯಲ್ಲಿ ಸೋಪಿನ ನೊರೆ ಇತ್ತು. ಅವರು ಮುಖ ಒರೆಸಿಕೊಂಡು "ಏನು… ಹುಡುಗಿ…" ಎಂದರು. ಮುಂದಿನದು ಬರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಜೂನ್ ೧೭, ಸೋಮವಾರ

ಎಲೆಕ್ಟ್ರಿಷಿಯನ್ ಹತ್ತಿರ ಮೊದಲು ಹೋದೆ. ಮೇ ತಿಂಗಳ ಇಪ್ಪತ್ತಕ್ಕೆ ಒಮ್ಮೆ, ಜೂನ್ ಒಂದಕ್ಕೆ ಇನ್ನೊಮ್ಮೆ ಇಡೀ ಆಸ್ಪತ್ರೆಗೆ ಕರೆಂಟು ಹೋಗಿ ಜನರೇಟರ್ ಹಾಕಿದ್ದನಂತೆ. ಆ ಸಾವು ಎರಡರ ನಡುವೆ. ನಾನು ಕೇಳಿಕೊಂಡಿದ್ದರೂ ಇದಕ್ಕಿಂತ ಚೆನ್ನಾಗಿ ಕರೆಂಟು ಹೋಗುತ್ತಿರಲಿಲ್ಲ.

ಜೂನ್ ಒಂದರದ್ದು ಮೊದಲು ತೆಗೆದೆ. ಬೆಲ್ ಪೆಟ್ಟಿಗೆ: ಹನ್ನೊಂದು ಐವತ್ತೇಳಕ್ಕೆ ಕರೆಂಟು ಹೋಯಿತು. ಕಾರ್ಡ್ ಯಂತ್ರ: ಹನ್ನೆರಡು ಎಂಟಕ್ಕೆ ಕರೆಂಟು ಹೋಯಿತು. ಅಂತರ ಹನ್ನೊಂದು ನಿಮಿಷ. ಮೇ ಇಪ್ಪತ್ತರದ್ದು ನೋಡಿದೆ, ಅಂತರ ಹತ್ತೂವರೆ ನಿಮಿಷಕ್ಕೆ ತುಸು ಮೇಲೆ. ಅಂದರೆ ನಾಲ್ಕು ಹತ್ತೊಂಬತ್ತು ಎಂದು ಕಾರ್ಡ್ ಯಂತ್ರ ಬರೆದಾಗ ಬೆಲ್ ಪೆಟ್ಟಿಗೆಯಲ್ಲಿ ಇನ್ನೂ ನಾಲ್ಕು ಎಂಟು, ಎಂಟೂವರೆ. ಬೆಲ್ ಹೊಡೆದದ್ದು ಹತ್ತಕ್ಕೆ. ಸಿಸ್ಟರ್ ಒಳಗೆ ಹೋಗಿ ಕನಿಷ್ಠ ಒಂದೂವರೆ ನಿಮಿಷದ ಮೇಲೆ ಬೆಲ್ ಹೊಡೆದಿದೆ. ನಾನು ಒಳಗಿದ್ದೆ ಮೇಡಂ ಎಂದು ಅವರು ಹೇಳುತ್ತಲೇ ಬಂದಿದ್ದರು.

ಆಮೇಲೆ ಸುಮ್ಮನೆ ನೋಡಬೇಕೆನಿಸಿ ಉಳಿದ ಯಂತ್ರಗಳ ಆ ಕ್ಷಣವನ್ನೂ ತೆಗೆದು ಪರದೆಯ ಮೇಲೆ ಹರಡಿದೆ. ಲಿಫ್ಟು, ರಕ್ತದ ಫ್ರಿಜ್ಜು, ಶಸ್ತ್ರಚಿಕಿತ್ಸೆಯ ಕೋಣೆಯ ದೀಪ, ಹುಟ್ಟಿದ ವರ್ಷದಲ್ಲೇ ಉಳಿದ ಆ ಸ್ಕ್ಯಾನಿಂಗ್ ಯಂತ್ರ. ಒಂದಕ್ಕೆ ಹಗಲು, ಒಂದಕ್ಕೆ ನಡುರಾತ್ರಿ, ಒಂದಕ್ಕೆ ಎಷ್ಟೋ ವರ್ಷದ ಹಿಂದಿನ ಜನವರಿ. ಎಲ್ಲವೂ ತಪ್ಪು. ಆದರೂ ಎಲ್ಲವೂ ಒಂದೇ ಕ್ಷಣದ ಬಗ್ಗೆ ನಿಜವನ್ನೇ ಹೇಳುತ್ತಿವೆ, ಕರೆಂಟು ಹೋಯಿತು, ಕರೆಂಟು ಹೋಯಿತು ಎಂದು. ಸುಳ್ಳು ಹೇಳಿದ್ದು ಒಂದೂ ಇಲ್ಲ. ಒಂದರ ಮಾತನ್ನು ಇನ್ನೊಂದಕ್ಕೆ ಹೊಂದಿಸಿ ಕೇಳುವವರು ಬೇಕಿತ್ತು ಅಷ್ಟೆ. ಕಣ್ಣಲ್ಲಿ ನೀರು ಬಂತು. ಪ್ರಿಂಟ್ ಬರುತ್ತಿಲ್ಲ ಎಂದು ಹೇಳಲು ಬಂದ ಗುಮಾಸ್ತ ನನ್ನನ್ನು ನೋಡಿ ಸದ್ದಿಲ್ಲದೆ ವಾಪಸು ಹೋದ.

ಸಂಜೆ ಅಕ್ಕ ಫೋನ್ ಮಾಡಿದಳು. ಅವಳ ಅತ್ತೆಯ ಪುರಾಣ ಮುಗಿದ ಮೇಲೆ, "ಏನೇ, ಇದ್ದೀಯಾ? ನಡುವೆ ಬಾಯಿ ಹಾಕ್ಲೇ ಇಲ್ಲ, ಲೈನು ಕಟ್ಟಾಯ್ತೇನೋ ಅಂದ್ಕೊಂಡೆ," ಎಂದಳು. ಕೇಳ್ತಾ ಇದ್ದೆ ಕಣೆ ಎಂದೆ. ಹುಷಾರಾಗಿದ್ದೀಯಾ ತಾನೇ ಎಂದು ಎರಡು ಸಲ ಕೇಳಿದಳು.

ಜೂನ್ ೧೯, ಬುಧವಾರ

ಸಮಿತಿ. ಉದ್ದ ಮೇಜು, ಮೂರು ಜನ. ನಡುವೆ ಕೂತದ್ದು ವಯಸ್ಸಾದ ಡಾಕ್ಟರಮ್ಮ. ಗಂಟೆ ಸಾಹೇಬರು ಪಕ್ಕದ ಕುರ್ಚಿಯಲ್ಲಿ, ಸಿಸ್ಟರ್ ಬಾಗಿಲ ಹತ್ತಿರ.

ನನ್ನ ಮೊದಲ ವರದಿ ತಪ್ಪು ಎಂದು ಶುರು ಮಾಡಿದೆ. ಎರಡು ಗಡಿಯಾರ ಕೇಳಿ, ಅವು ಒಂದೇ ಎಂದು ನಂಬಿ ಬರೆದಿದ್ದೆ ಎಂದೆ. ಕರೆಂಟು ಹೋದ ಎರಡೂ ದಿನದ್ದನ್ನು ಪರದೆಯ ಮೇಲೆ ತೋರಿಸಿದೆ. ಡಾಕ್ಟರಮ್ಮ ಮುಂದಕ್ಕೆ ಬಾಗಿ ತುಂಬ ಹೊತ್ತು ನೋಡಿದರು. "ಕತ್ತಲೇ ಸಾಕ್ಷಿ ಹೇಳಿತಲ್ಲಮ್ಮ," ಎಂದರು. ಆಮೇಲೆ ಸಾಹೇಬರ ಕಡೆ ತಿರುಗಿದರು. "ಬೆಲ್ ಪೆಟ್ಟಿಗೆ ಸೆಕೆಗೆ ಹಿಂದೆ ಬಿತ್ತು, ಸರಿ. ಕಾರ್ಡ್ ಯಂತ್ರ ಮುಂದೆ ಹೋಗಿದ್ದು ಹೇಗೆ?"

ಸಾಹೇಬರು ಕನ್ನಡಕ ತೆಗೆದರು. ನನ್ನ ನಾಲಿಗೆಯ ತುದಿಯಲ್ಲಿ ಎಲ್ಲ ಇತ್ತು, ಕಾವಲುಗಾರ ಹೇಳಿದ್ದು, ಅವರು ನನ್ನ ಮುಂದೆ ಇಲ್ಲ ಎಂದಿದ್ದು. ಬಿಚ್ಚಿಟ್ಟರೆ ಒಂದೇ ಏಟಿಗೆ ಮುಗಿಯುತ್ತಿತ್ತು. ಯಾಕೆ ಸುಮ್ಮನಿದ್ದೆನೋ ಗೊತ್ತಿಲ್ಲ. ಅವರ ಮುಖ ನೋಡಿದಾಗ ಮಾತು ದಾರಿಯಲ್ಲಿದೆ, ಬರುತ್ತಿದೆ ಎನಿಸಿತು. ಕನ್ನಡಕ ಒರೆಸಿ, ಮಡಿಸಿ, ಮೇಜಿನ ಮೇಲಿಟ್ಟು ಅವರು ಹೇಳಿದರು, "ಇಟ್ಟಿದ್ದು ನಾನೇ. ಜನ ಹೊತ್ತಿಗೆ ಬರ್ಲಿ ಅಂತ. ಇದು ಹೀಗೂ ಆಗತ್ತೆ ಅಂತ ನನಗೆ…" ಅಲ್ಲಿಗೇ ನಿಂತಿತು. ಯಾರೂ ಅದನ್ನು ಮುಗಿಸಿ ಕೊಡಲಿಲ್ಲ.

ಸಿಸ್ಟರಿಗೆ ಕೆಲಸ ವಾಪಸು. ಹೊರಗೆ ಬಂದ ಮೇಲೆ ಅವರು ನನ್ನ ಕೈ ಹಿಡಿದುಕೊಂಡು ಕೇಳಿದ್ದು ಒಂದೇ, "ಆ ಅಮ್ಮನಿಗೆ ಯಾರು ಹೇಳ್ತಾರೆ?"

ಜೂನ್ ೨೧, ಶುಕ್ರವಾರ

ತೀರಿಕೊಂಡವರ ಹೆಂಡತಿಯನ್ನು ಡಾಕ್ಟರಮ್ಮನೇ ಫೋನ್ ಮಾಡಿ ಕರೆಸಿದರು. ಕೆಳಗಿನ ಮಹಡಿಯ ಸಂದರ್ಶಕರ ಕೋಣೆಯಲ್ಲಿ ಕೂತೆವು, ಆಕೆ, ಸಿಸ್ಟರ್, ನಾನು. ಆಕೆ ಸಿಸ್ಟರನ್ನು ನೋಡಲಿಲ್ಲ. ಕೈಚೀಲವನ್ನು ಎರಡೂ ಕೈಯಿಂದ ಹಿಡಿದು ನನ್ನನ್ನೇ ನೋಡುತ್ತಿದ್ದರು.

ಸ್ಫಟಿಕ, ಸೆಕೆ, ಕರೆಂಟು ಎಲ್ಲ ಮನೆಯಲ್ಲೇ ಜೋಡಿಸಿಕೊಂಡು ಹೋಗಿದ್ದೆ. ಆಕೆಯ ಮುಖ ಕಂಡು ಅದೆಲ್ಲ ಬಿಟ್ಟೆ. "ಅಮ್ಮಾ, ನಮ್ಮ ಗಡಿಯಾರಗಳು ತಪ್ಪಿದ್ವು. ಬೆಲ್ ಹೊಡೆಯೋಕೆ ಮೊದಲೇ ಸಿಸ್ಟರ್ ಒಳಗಿದ್ರು. ಬೆಲ್ ಒತ್ತಿದ್ದು ನಿಮ್ಮ ಮನೆಯವರಲ್ಲ, ಇವರು. ಡಾಕ್ಟರ್ ಬರೋವರೆಗೂ ಒತ್ತುತ್ತಾನೇ ಇದ್ರು."

"ಮೊದಲೇನಾ?"

"ಮೊದಲೇ."

"ಆಮೇಲಲ್ಲ?"

"ಅಲ್ಲಮ್ಮ. ಮೊದಲು."

ಆಕೆ ಕೈಚೀಲದ ಹಿಡಿಯನ್ನು ತಿರುಚಿದರು, ಬಿಟ್ಟರು, ಮತ್ತೆ ತಿರುಚಿದರು. ಅಷ್ಟಾದ ಮೇಲೆ ಸಿಸ್ಟರ್ ಕಡೆ ತಿರುಗಿದರು.

"ಎಚ್ಚರ ಇತ್ತಾ ಅವರಿಗೆ?"

"ಇತ್ತಮ್ಮ. ಜ್ವರ ನೋಡೋಣ ಅಂತ ಹೋಗಿದ್ದೆ. ನೀರು ಕೇಳಿದ್ರು, ಕೊಟ್ಟೆ."

"ಕುಡಿದ್ರಾ?"

"ಅರ್ಧ ಲೋಟ. ಆಮೇಲೆ ನೀವೆಲ್ಲಿ ಅಂದ್ರು. ಔಷಧಿ ತರೋಕೆ ಹೋಗಿದ್ದಾರೆ, ಬಂದ್ಬಿಡ್ತಾರೆ ಅಂದೆ." ಸಿಸ್ಟರ್ ಆಕೆಯ ಕಡೆ ತುಸು ಬಾಗಿದರು. "'ಅವಳು ಲಿಫ್ಟು ಹತ್ತಲ್ಲ ಸಿಸ್ಟರ್, ಹೆದರ್ತಾಳೆ. ಮೆಟ್ಟಿಲಲ್ಲೇ ಬರ್ತಾಳೆ, ನಿಂತು ನಿಂತು. ಲೇಟಾಗತ್ತೆ' ಅಂದ್ರು. ಅಂದು ನಕ್ಕರು. ನಗ್ತಾ ಇದ್ದಾಗಲೇ ಎದೆ ಹಿಡ್ಕೊಂಡ್ರು."

ನನ್ನ ವರದಿಯಲ್ಲಿ ಅದು ಒಂದೂವರೆ ನಿಮಿಷ. ಅದರೊಳಗೆ ಇಷ್ಟು ಇತ್ತು. ಎಷ್ಟು ಯಂತ್ರಗಳ ದಿನಚರಿ ಓದಿದ್ದರೂ ಇದು ನನಗೆ ಸಿಗುತ್ತಿರಲಿಲ್ಲ, ಮೈಯೆಲ್ಲ ಕಿವಿಯಾಗಿ ಕೂತಿದ್ದೆ.

"ನಕ್ಕರಾ?" ಎಂದರು ಆಕೆ.

"ನಕ್ಕರಮ್ಮ."

"ಮೆಟ್ಟಿಲಲ್ಲೇ ಬಂದೆ," ಎಂದರು ಆಕೆ. "ಎರಡನೇ ಮಹಡೀಲಿ ಕೂತು ಬಂದೆ. ಕೂರಬಾರದಿತ್ತು, ಕೂರಬಾರದಿತ್ತು ಅಂತ ಅವತ್ತಿಂದ…" ಮುಂದಿನದು ಬರಲಿಲ್ಲ. ಸಿಸ್ಟರ್ ಎದ್ದು ಹೋಗಿ ಅವರ ಪಕ್ಕ ಕೂತರು. ಸ್ವಲ್ಪ ಹೊತ್ತಿಗೆ ಆಕೆಯ ತಲೆ ಸಿಸ್ಟರ್ ಭುಜದ ಮೇಲಿತ್ತು.

ನಾವು ಮೂವರೂ ಹಾಗೇ ಕೂತಿದ್ದೆವು. ಮೇಲಿನಿಂದ ನನಗೆ ಎರಡು ಸಲ ಕರೆ ಬಂತು, ಯಾವುದೋ ಪ್ರಿಂಟರ್. ಬರ್ತೀನಿ, ತಡ ಆಗತ್ತೆ ಎಂದೆ.